ಅಕ್ಕನ ಮದುವೆ ಬಟ್ಟೆಯ ಮೇಲೆ ಊರೂರು ಸುತ್ತುತ್ತಿರುವ ಸಮಿತಿಗೆ

ಗೆ,
ಸಂಚಾರಿ ಸಮಕಾಲೀನ ಕಲೋತ್ಸವ ಯೋಜನಾ ಸಮಿತಿಯ ಅಧ್ಯಕ್ಷರು, ಸಂಯೋಜಕಿಯವರು ಹಾಗೂ ಮೌನ ಸಲಹೆಗಾರರು,
ನಮ್ಮ ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಸುತ್ತ.

ವಿಷಯ: ಒಂದು ಮೇಜು ಮತ್ತು ಒಂದು ಬಟ್ಟೆಯನ್ನು, ಸಾಧ್ಯವಾದರೆ ಈ ಜನ್ಮದಲ್ಲೇ, ಹಿಂತಿರುಗಿಸುವ ಕುರಿತು.

ಮಾನ್ಯರೇ,

ಪತ್ರದ ಆರಂಭದಲ್ಲಿ ಕ್ಷೇಮ ವಿಚಾರಿಸುವುದು ಮರ್ಯಾದೆ. ಆದರೆ ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ತಾವು ಮೂವರೂ ನನ್ನ ಹೊಲಿಗೆ ಯಂತ್ರದಿಂದ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ, ನಮ್ಮ ಮೇಜಿನ ಸುತ್ತ ಕಣ್ಣು ಮುಚ್ಚಿಕೊಂಡು ನಿಂತಿರುವುದರಿಂದ, ತಾವು ಕ್ಷೇಮವಾಗಿದ್ದೀರೆಂದು ನಾನೇ ಕಣ್ಣಾರೆ ಕಂಡು ಸಂತೋಷಪಟ್ಟಿದ್ದೇನೆ; ಅಧ್ಯಕ್ಷರು ಬಂದ ದಿನಕ್ಕಿಂತ ತುಸು ಮೈದುಂಬಿಕೊಂಡಿರುವುದನ್ನೂ ಅವರ ಪ್ಯಾಂಟಿಗೆ ಹೊಲಿಗೆ ಹಾಕಿದವಳಾಗಿ ನಾನು ಗಮನಿಸದೆ ಇರಲಾರೆ. ಇಷ್ಟು ಹತ್ತಿರದಲ್ಲಿದ್ದೂ ಬಾಯಿಬಿಟ್ಟು ಹೇಳದೆ ಪತ್ರವೇಕೆ ಎಂದು ತಾವು ಕೇಳಬಹುದು. ಹೇಳಿ ನೋಡಿದ್ದೇನೆ. ನಾನು "ಸಾರ್, ಮೇಜು..." ಎಂದು ಶುರುಮಾಡಿದರೆ ಅಧ್ಯಕ್ಷರು "ಹೌದು, ಮೇಜು!" ಎಂದು ನಿಟ್ಟುಸಿರಿಡುತ್ತಾರೆ, ಸಂಯೋಜಕಿಯವರು ತಮ್ಮ ಉದ್ದನೆಯ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡು "ಎಷ್ಟು ಚೆನ್ನಾಗಿ ಹೇಳಿದ್ರಿ" ಎನ್ನುತ್ತಾರೆ, ಸಲಹೆಗಾರರು ಟೀ ಹೀರುತ್ತಾರೆ, ಅಲ್ಲಿಗೆ ನನ್ನ ದೂರು ತಮ್ಮ ಚರ್ಚೆಯೊಳಗೆ ಸಕ್ಕರೆಯಂತೆ ಕರಗಿಹೋಗುತ್ತದೆ.

ಆದ್ದರಿಂದ ಈ ಬಹಿರಂಗ ಪತ್ರ. ತಮ್ಮ ಸಮಿತಿಯು ಕಾಗದವನ್ನು ಕೈಯಿಂದ ಮುಟ್ಟುವುದಿಲ್ಲವೆಂಬ ವ್ರತ ಹಿಡಿದಿರುವುದು ನನಗೆ ಗೊತ್ತಿರುವುದರಿಂದ, ಇದನ್ನು ಅಂಗಡಿಯ ಮುಂಬಾಗಿಲ ಗಾಜಿಗೆ ಅಂಟಿಸಲಿದ್ದೇನೆ, ಮುಟ್ಟದೆಯೇ ಓದಿಕೊಳ್ಳಬಹುದು. ದಾರಿಹೋಕರು ಓದಿದರೂ ನನ್ನ ಅಭ್ಯಂತರವಿಲ್ಲ. ಅದರಲ್ಲೂ ಮನೆಯಲ್ಲಿ ದೊಡ್ಡ ಮೇಜು ಇಟ್ಟುಕೊಂಡಿರುವವರು ಎರಡು ಸಲ ಓದುವುದು ಒಳ್ಳೆಯದು.

ಆ ದಾರಿಹೋಕರಿಗಾಗಿ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಈ ಅಂಗಡಿ ನನ್ನದು ಮತ್ತು ನನ್ನ ಅಕ್ಕನದು. ಅಕ್ಕ ಅಳತೆ ತೆಗೆದು ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಗಿರಾಕಿಗಳೊಡನೆ ನಗುವುದು ಅವಳ ಕೆಲಸ, ಜಗಳ ಆಡುವುದು ನನ್ನ ಕೆಲಸ, ಹೀಗೆ ಅಂಗಡಿ ಇಷ್ಟು ವರ್ಷ ಚೆನ್ನಾಗಿಯೇ ನಡೆದಿದೆ. ಶಾಲೆಯ ಸಮವಸ್ತ್ರಗಳ ರಾಶಿಯಲ್ಲಿ ನಾವಿಬ್ಬರೂ ಮುಳುಗಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ, ಕಾರಿನ ಬಾಗಿಲಿಗೆ ಸಿಕ್ಕಿ ಪ್ಯಾಂಟು ಹರಿದುಕೊಂಡ ಅಧ್ಯಕ್ಷರು ಎರಡೂ ಕೈ ಹಿಂದಕ್ಕೆ ಹಿಡಿದುಕೊಂಡು ಒಳಗೆ ಬಂದರು, ಅವರ ಹಿಂದೆಯೇ ಸಂಯೋಜಕಿಯವರೂ ಸಲಹೆಗಾರರೂ ಬಂದರು. ಅವರನ್ನು ಟ್ರಯಲ್ ರೂಮಿಗೆ ಕಳಿಸಿ, ಪರದೆಯ ಸಂದಿಯಿಂದ ಪ್ಯಾಂಟು ಇಸಿದುಕೊಂಡು, ನಾನು ಹೊಲಿಯಲು ಕೂತೆ. ಪರದೆಯಿಂದ ತಲೆ ಮಾತ್ರ ಹೊರಗೆ ಹಾಕಿ ನಿಂತಿದ್ದ ಅಧ್ಯಕ್ಷರ ಕಣ್ಣಿಗೆ ಆಗ ನಮ್ಮ ಮೇಜು ಬಿತ್ತು. ಇಬ್ಬರು ಎದುರುಬದುರು ನಿಂತು ಬಟ್ಟೆ ಹಾಸುವಷ್ಟು ಅಗಲದ, ಅಂಚಿಗೆ ಹಿತ್ತಾಳೆಯ ಅಳತೆಪಟ್ಟಿ ಬಡಿದ, ಅಕ್ಕನ ಮೊಣಕೈ ಊರಿ ಊರಿ ಒಂದು ಮೂಲೆ ಕನ್ನಡಿಯಂತೆ ನುಣುಪಾದ ಮೇಜು ಅದು. "ನಮ್ಮ ಉತ್ಸವದ ಯೋಜನೆ ಇಲ್ಲೇ ಆಗ್ಬೇಕು," ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಕಾಲಿಗೆ ಪ್ಯಾಂಟಿಲ್ಲದ ಮನುಷ್ಯನ ಬಾಯಲ್ಲಿ ಅಷ್ಟು ಗಾಂಭೀರ್ಯವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಂದೇ ಒಂದು ಮಧ್ಯಾಹ್ನಕ್ಕೆ ಎಂದರು. ಅಕ್ಕ ನಕ್ಕು ಒಪ್ಪಿದಳು. ಈಗ ನಾವು ಉಣ್ಣೆಯ ಕೋಟುಗಳಿಗೆ ಲೈನಿಂಗ್ ಹಾಕುವ ಚಳಿಗಾಲಕ್ಕೆ ಬಂದು ಮುಟ್ಟಿದ್ದೇವೆ, ಆ ಮಧ್ಯಾಹ್ನ ಇನ್ನೂ ಮುಗಿದಿಲ್ಲ.

ಮೇಜು ಹೋದದ್ದಕ್ಕೆ ನಾನು ಇಷ್ಟು ಕೊರಗುತ್ತಿರಲಿಲ್ಲ. ನೆಲದ ಮೇಲೆ ಬಟ್ಟೆ ಹಾಸಿ ಮಂಡಿಯೂರಿ ಕತ್ತರಿಸುವುದರಿಂದ ನಮ್ಮ ಮಂಡಿಗಳಿಗೆ ನಮ್ಮ ವಯಸ್ಸು ಎಷ್ಟೆಂಬುದು ಸ್ಪಷ್ಟವಾಗಿ ತಿಳಿದುಬಂತು, ಅದೂ ಒಂದು ಜ್ಞಾನವೇ. ಆದರೆ ಆ ಮಧ್ಯಾಹ್ನ ಮೇಜಿನ ಮೇಲೆ ಹಾಲುಕೆನೆ ಬಣ್ಣದ ಒಂದು ಬಟ್ಟೆ ಮಡಿಸಿ ಇಟ್ಟಿತ್ತು. ಕಾಗದ ಮುಟ್ಟದ ತಮ್ಮ ವ್ರತಕ್ಕೆ ಅದೇ ಅನುಕೂಲವಾಗಿ ಕಂಡು, ಸಂಯೋಜಕಿಯವರು ಅದನ್ನು ಉದ್ದಕ್ಕೂ ಹಾಸಿದರು. ಅಧ್ಯಕ್ಷರು ಪರದೆಯೊಳಗಿಂದಲೇ ಕೈಮಾಡಿ ತೋರಿಸುತ್ತ ಹೋದ ಹಾಗೆ, ಅಕ್ಕನ ನೀಲಿ ಚಾಕ್ ಬಿಲ್ಲೆಯಿಂದ ನದಿ, ರೈಲುಹಳಿ, ರಸ್ತೆಗಳನ್ನೆಲ್ಲ ಅದರ ಮೇಲೆ ಬರೆದರು. ನಾನು ಸೂಜಿ ಕೈಲಿ ಹಿಡಿದುಕೊಂಡೇ ಎದ್ದು, "ಅಯ್ಯೋ, ಅದು ಇಸ್ತ್ರಿ ತಾಗಿದ್ರೆ ಹೋಗುತ್ತೆ ಸಾರ್," ಎಂದು ಕೂಗಿದೆ. ಬರೆಯಬೇಡಿ ಎನ್ನುವುದು ನನ್ನ ಮಾತಿನ ಅರ್ಥವಾಗಿತ್ತು. ಅಧ್ಯಕ್ಷರು ಕಣ್ಣು ಮುಚ್ಚಿ, ಆ ಮಾತನ್ನು ಮೂರು ಸಲ ತಮ್ಮೊಳಗೆ ಹೇಳಿಕೊಂಡು, ಅಳಿದುಹೋಗುವುದೊಂದೇ ಈ ಕಾಲದ ನಿಜವಾದ ಕಲೆ ಎಂದು ಸಾರಿದರು. ಮರುದಿನವೇ ಉತ್ಸವಕ್ಕೆ "ತಾಗಿದ್ರೆ ಹೋಗುತ್ತೆ" ಎಂದು ಹೆಸರಾಯಿತು. ಆ ಹೆಸರಿನ ಬ್ಯಾನರನ್ನು ಹೊಲಿದವಳು ನಾನೇ, ನೆಲದ ಮೇಲೆ ಕೂತು.

ಅಂದಿನಿಂದ ತಾವು ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡುವ ಭಾಗ್ಯ ನಮ್ಮದಾಗಿದೆ. ಬಂದ ಕೂಡಲೇ ಮೊಬೈಲುಗಳನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕುತ್ತೀರಿ, ಏಕೆಂದರೆ ಫೋಟೋ ತೆಗೆದರೆ ಯೋಜನೆ ಸತ್ತುಹೋಗುತ್ತದಂತೆ. ಆಮೇಲೆ ಬಟ್ಟೆ ಏನು ಹೇಳುತ್ತಿದೆಯೆಂದು ಕಣ್ಣು ಮುಚ್ಚಿ ಆಲಿಸುತ್ತೀರಿ. ಸಣ್ಣಂದಿನಿಂದ ಬಟ್ಟೆಯ ನಡುವೆಯೇ ಬೆಳೆದ ನನಗೆ ಅದು ಇದುವರೆಗೆ ಒಂದು ಮಾತೂ ಹೇಳಿಲ್ಲ, ಮನುಷ್ಯರನ್ನು ನೋಡಿ ಮಾತಾಡುತ್ತದೋ ಏನೋ. ಆಮೇಲೆ ಚರ್ಚೆ. ಸಂಚಾರ ಎಂದರೆ ಹೋಗುವುದೋ ಬರುವುದೋ ಎಂಬ ವಿಷಯದಲ್ಲಿ ತಾವು ನಡೆಸಿದ ಚರ್ಚೆಯ ಅವಧಿಯಲ್ಲಿ ನಾನು ಒಂದು ಇಡೀ ಬ್ಯಾಂಡ್ ತಂಡದ ಕೋಟುಗಳನ್ನು ಹೊಲಿದು ಮುಗಿಸಿದೆ. ಊರಿಂದೂರಿಗೆ ಹೋಗುವ ಉತ್ಸವವೊಂದನ್ನು ಕೂತ ಜಾಗದಿಂದ ಒಂದು ಹೆಜ್ಜೆ ಅಲ್ಲಾಡದೆ ಯೋಜಿಸುವ ತಮ್ಮ ಸ್ಥಿರತೆಯ ಮುಂದೆ ನಮ್ಮ ಮೇಜಿನ ಕಾಲುಗಳು ಕೂಡ ನಾಚಿಕೊಳ್ಳಬೇಕು.

ಊರುಗಳನ್ನು ಆರಿಸಿದ ಕ್ರಮವನ್ನಂತೂ ನಾನು ಮರೆಯುವ ಹಾಗೇ ಇಲ್ಲ. ಯಾವ ಊರಿಗೂ ಅನ್ಯಾಯವಾಗಬಾರದೆಂದು ತಾವು ನಮ್ಮ ಗುಂಡಿ ಡಬ್ಬಿಯಿಂದ ಒಂದು ಹಿಡಿ ಗುಂಡಿ ತೆಗೆದು, ಕಣ್ಣು ಮುಚ್ಚಿಕೊಂಡು ಬಟ್ಟೆಯ ಮೇಲೆ ಬೀಳಿಸಿದಿರಿ. ಗುಂಡಿ ಬಿದ್ದ ಊರಿಗೆ ಉತ್ಸವ. ಒಂದು ಗುಂಡಿ ಸರೋವರದ ನಡುವೆ ಬಿತ್ತು, ಅಲ್ಲಿ ದೋಣಿಗಳ ಮೇಲೆ ಪ್ರದರ್ಶನವೆಂದು ಆಯಿತು. ಒಂದು ಗುಂಡಿ ರೈಲುಹಳಿಯ ಮೇಲೆ ಬಿತ್ತು, ಅದನ್ನು ಸದ್ಯಕ್ಕೆ ಹಾಗೇ ಇರಲಿ ಎಂದು ಬಿಟ್ಟಿರಿ. ಬಟ್ಟೆಯ ನಟ್ಟನಡುವೆ, ತಾವು ನಿಂತಿರುವ ನಮ್ಮ ಊರು ಇರಬೇಕಾದ ಜಾಗದಲ್ಲಿ, ಸಲಹೆಗಾರರ ಟೀ ಲೋಟ ಕೂತಿತ್ತು. ನಮ್ಮ ಊರಿನ ಪಾಲಿನ ಗುಂಡಿ ಸರಿಯಾಗಿ ಅಲ್ಲಿಗೇ ಬಂತು, ಲೋಟಕ್ಕೆ ಟಣ್ ಎಂದು ಬಡಿದು, ಹಾರಿ, ನನ್ನ ಯಂತ್ರದ ಕೆಳಗೆ ಉರುಳಿತು. ತಾವು ಕಣ್ಣು ಬಿಟ್ಟಾಗ ನಮ್ಮ ಊರಿನ ಮೇಲೆ ಗುಂಡಿ ಇರಲಿಲ್ಲ, ಲೋಟವಿತ್ತು; ಹಾಗಾಗಿ ನಮ್ಮ ಊರಿಗೆ ಉತ್ಸವವಿಲ್ಲವೆಂದಾಯಿತು. ಲೋಟ ತೆಗೆದಾಗ ಅಲ್ಲೊಂದು ದುಂಡನೆಯ ಟೀ ಕಲೆ ಇತ್ತು. ಅಕ್ಕ ಆಗ ಹೊರಗಡೆ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದಳು, ಇದನ್ನು ನೋಡಲಿಲ್ಲ. ನಾನು ನೋಡಿದೆ, ಹೇಳಲು ನನಗೆ ಬಾಯಿ ಬರಲಿಲ್ಲ.

ಏಕೆ ಬರಲಿಲ್ಲ ಎನ್ನುವುದಕ್ಕೆ ಆ ಬಟ್ಟೆ ಯಾರದೆಂದು ಹೇಳಬೇಕು. ಅದು ನನ್ನ ಅಕ್ಕನ ಮದುವೆಯ ಬಟ್ಟೆ, ಮಾನ್ಯರೇ. ತಾವು ಬಹುಶಃ ಕೇಳಿರಲಾರಿರಿ, ಅವಳೂ ಹೇಳಿರಲಾರಳು. ಈ ಊರಿನ ಅರ್ಧದಷ್ಟು ಹೆಂಗಸರ ಮದುವೆಯ ಉಡುಪು ಕತ್ತರಿಸಿದವಳಿಗೆ ತಲೆ ಅರ್ಧ ನರೆತ ಮೇಲೆ ಮದುವೆ ಕೂಡಿಬಂದಿದೆ. ವರ ನಮ್ಮ ಊರಿನ ಬಸ್ಸಿನ ಡ್ರೈವರ್, ನನಗೆ ಆಗಲಿರುವ ಭಾವ. ಅವರ ಸಮವಸ್ತ್ರದ ಜೇಬು ತಿಂಗಳಿಗೊಂದು ಸಲವಾದರೂ ಕಿತ್ತುಬರುತ್ತಿತ್ತು, ಅಕ್ಕ ಹೊಲಿದು ಕೊಡುತ್ತಿದ್ದಳು, ಇಷ್ಟು ಗಟ್ಟಿ ಹೊಲಿಗೆ ಹೇಗೆ ಬಿಡುತ್ತದೆಂದು ನಾನು ಒಂದು ದಿನ ತರಾಟೆಗೆ ತೆಗೆದುಕೊಂಡಾಗ, "ನಾನೇ ಕಿತ್ಕೊಂಡ್ ಬರ್ತೀನಿ, ಇನ್ನೇನ್ ಮಾಡ್ಲಿ?" ಎಂದು ಅವರು ತಪ್ಪೊಪ್ಪಿಕೊಂಡರು. ಆ ಬಟ್ಟೆಯನ್ನು ರಜೆಯ ದಿನ ಇಬ್ಬರೂ ಜೊತೆಯಾಗಿ ಹೋಗಿ ತಂದದ್ದು. ಅಂಗಡಿಯವನ ಥಾನಿನಲ್ಲಿ ಉಳಿದಿದ್ದ ಕೊನೆಯ ತುಂಡು ಅದು, ಭಾವ ಬೆರಳಲ್ಲಿ ಉಜ್ಜಿ ನೋಡಿ ಇದೇ ಇರಲಿ ಎಂದರಂತೆ. ಮದುವೆಯ ಉಡುಪಿಗೆ ಯಾರೂ ಜೇಬು ಇಡಿಸುವುದಿಲ್ಲ, ಆಮೇಲೆ ಆ ದಿನವಿಡೀ ಕರ್ಚೀಫು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಾರೆ. ತನ್ನದಕ್ಕೆ ಮಾತ್ರ ಒಂದು ಒಳ್ಳೆಯ ಆಳವಾದ ಜೇಬು ಇರಬೇಕೆಂದು ಅಕ್ಕ ಎಷ್ಟೋ ವರ್ಷಗಳಿಂದ, ಮದುವೆಯ ಸುಳಿವೇ ಇಲ್ಲದ ಕಾಲದಿಂದಲೂ, ಹೇಳುತ್ತಿದ್ದಳು.

ಮದುವೆ ಬರುವ ಭಾನುವಾರ. ಆ ದಿನವನ್ನು ಅಕ್ಕ ಆರಿಸಿದ್ದಕ್ಕೂ ತಾವೇ ಕಾರಣ. ಉತ್ಸವ ಭಾನುವಾರ ಇಲ್ಲಿಂದಲೇ ಹೊರಡುತ್ತದೆ ಎಂದು ಅಧ್ಯಕ್ಷರು ಸಾರಿದ್ದನ್ನು ಕೇಳಿ, ಮೊದಲ ಪ್ರದರ್ಶನ ಇಲ್ಲೇ ಎಂದು ಅವಳು ನಂಬಿಬಿಟ್ಟಳು. ಬೀದಿಯ ತುದಿಯಲ್ಲಿ ಟಾರ್ಪಾಲು ಹೊದ್ದು ನಿಂತಿರುವ ತಮ್ಮ ಲಾರಿಯನ್ನು ದಿನಾ ನೋಡಿಕೊಂಡು ಬಂದು, "ಅವತ್ತು ಬೀದಿ ತುಂಬ ಏನೇನೋ ನಿಲ್ಲಿಸ್ತಾರಂತೆ ಕಣೇ, ನಾವು ಬೇರೆ ಅಲಂಕಾರ ಮಾಡ್ಸೋದೇ ಬೇಡ, ಮದುವೆ ಮುಗಿಸ್ಕೊಂಡು ಇಬ್ರೂ ನೋಡ್ತಾ ಬರ್ತೀವಿ," ಎಂದು ಗಿರಾಕಿಗಳ ಮುಂದೆಯೂ ಹೇಳಿಕೊಂಡು ತಿರುಗಿದಳು. ವಾರಕ್ಕೆ ಒಂದು ದಿನವೂ ಅಂಗಡಿ ಬಿಟ್ಟು ಕದಲದವಳು, ಅಂಥದ್ದೊಂದನ್ನು ಹುಟ್ಟಿದಾಗಿನಿಂದ ನೋಡಿಲ್ಲ. ನಾನು ಬಟ್ಟೆ ಕೇಳಿ ಇಸಿದುಕೋ ಎಂದು ಕಾಡಿದಾಗಲೆಲ್ಲ, "ಪಾಪ, ಇರ್ಲಿ ಬಿಡೇ, ಅವ್ರ ಊರೆಲ್ಲ ಅದ್ರ ಮೇಲೇ ಇದೆ," ಎನ್ನುವಳು. ದಾಕ್ಷಿಣ್ಯ ಅವಳಿಗೆ ಹುಟ್ಟಿನಿಂದಲೇ ಅಂಟಿದ ರೋಗ. ಭಾವನೋ, ದಿನಾ ನೋಡುವ ಏಪ್ರನ್ನಿನಲ್ಲೇ ಬಂದುಬಿಡು, ನನಗೆ ಅದೇ ಚಂದ ಎಂದು ಹೇಳಿ ಕೈತೊಳೆದುಕೊಂಡರು. ಅವರಿಗೇನು, ಹೇಳಿಬಿಟ್ಟರು. ನನ್ನ ಅಕ್ಕ ಮದುವೆಯ ದಿನ ಏಪ್ರನ್ನು ಹಾಕಿಕೊಂಡು ನಿಲ್ಲುವುದನ್ನು ನಾನು ನೋಡಲಾರೆ.

ಇಷ್ಟಾಗಿಯೂ ನಾನು ಹಲ್ಲುಕಚ್ಚಿಕೊಂಡು ಸುಮ್ಮನಿದ್ದೆ. ಆದರೆ ಈ ಬೆಳಿಗ್ಗೆ ಅಧ್ಯಕ್ಷರು, ಈ ಬಟ್ಟೆಯೇ ನಮ್ಮ ಮೊದಲ ಕಲಾಕೃತಿ, ಇದನ್ನು ಲಾರಿಯ ಪಕ್ಕಕ್ಕೆ ತೂಗುಬಿಟ್ಟು ಊರೂರಿಗೂ ಒಯ್ಯುತ್ತೇವೆ ಎಂದು ಪ್ರಕಟಿಸಿದರು. ಸಂಯೋಜಕಿಯವರು ಕಣ್ಣೊರೆಸಿಕೊಂಡರು. ಅಕ್ಕ ಟೀ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು, ತಟ್ಟೆ ಇಟ್ಟು ಹಿಂದಿನ ಕೋಣೆಗೆ ಹೋದಳು. ನಾನು ಅಲ್ಲೇ ಕೂತು ಈ ಪತ್ರ ಶುರುಮಾಡಿದೆ.

ಈಗ ನನ್ನ ವಿನಂತಿಗಳು. ತಮ್ಮ ಉತ್ಸವ ಯಾವ ಊರಿನಲ್ಲೂ ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲವೆಂಬ ನಿಯಮವಿದೆಯಂತೆ. ದಯವಿಟ್ಟು ನಮ್ಮ ಮೇಜನ್ನೂ ಒಂದು ಊರೆಂದು ಘೋಷಿಸಿ, ಆ ನಿಯಮವನ್ನು ಅದಕ್ಕೂ ಅನ್ವಯಿಸಿಕೊಂಡು, ಮುಂದಿನ ಊರಿಗೆ ದಯಮಾಡಿಸಬೇಕು. ಬಟ್ಟೆ ಬಿಟ್ಟುಕೊಡಲು ಆಗದಿದ್ದಲ್ಲಿ ನನ್ನ ಅಕ್ಕನನ್ನು ಅದರೊಳಗಿಟ್ಟು ಹೊಲಿದು ಲಾರಿಯ ಪಕ್ಕಕ್ಕೆ ತೂಗುಬಿಡಲು ಅನುಮತಿ ಕೊಟ್ಟರೂ ಆದೀತು. ಭಾವ ಬಸ್ಸಿನಲ್ಲಿ ಹಿಂಬಾಲಿಸುತ್ತಾರೆ, ದೋಣಿಗಳ ಊರಿನಲ್ಲಿ ಮದುವೆ ಮಾಡಿಸಿಬಿಡಿ, ಮೂರನೆಯ ದಿನಕ್ಕೆ ನಿಯಮದ ಪ್ರಕಾರ ಮುಗಿಸಿ. ಅದೂ ಕಷ್ಟವಾದರೆ ಭಾನುವಾರವನ್ನೇ ಕೊಂಚ ಮುಂದಕ್ಕೆ ಸರಿಸಿಕೊಡಿ. ಒಂದು ಮಧ್ಯಾಹ್ನವನ್ನು ಇಷ್ಟು ಹಿಗ್ಗಿಸಿದ ತಮಗೆ ಅದೇನು ಮಹಾ.

ಇಷ್ಟು ಬರೆಯುವಷ್ಟರಲ್ಲಿ ಅಧ್ಯಕ್ಷರೂ ಸಂಯೋಜಕಿಯವರೂ ಊಟಕ್ಕೆಂದು ಹೊರಗೆ ಹೋದರು. ತಾವು ಇಲ್ಲದಾಗ ನಡೆದದ್ದನ್ನು ಮುಚ್ಚಿಡುವುದು ಮರ್ಯಾದೆಯಲ್ಲವಾದ್ದರಿಂದ ಅದನ್ನೂ ಸೇರಿಸುತ್ತಿದ್ದೇನೆ. ಅಕ್ಕ ಹಿಂದಿನ ಕೋಣೆಯಿಂದ ಬಂದು ನನ್ನ ಹೆಗಲ ಮೇಲಿಂದ ಈ ಪತ್ರವನ್ನು ಓದಿದಳು. ಹೀಗೆಲ್ಲ ಬರೆಯುತ್ತಾರೇನೇ ಎಂದು ನನ್ನ ತಲೆಗೊಂದು ಮೊಟಕಿದಳು. ಆಮೇಲೆ ಲೋಟ, ಗುಂಡಿ ಎಂದಿರುವ ಕಡೆಗೆ ಬಂದಳೇನೋ, ಓದುವುದನ್ನು ಅಲ್ಲಿಗೇ ಬಿಟ್ಟಳು. ಮೇಜಿನ ಬಳಿ ಹೋಗಿ ಬಟ್ಟೆಯ ಮೇಲೆ ಬಗ್ಗಿ, ರಸ್ತೆಯ ಗೆರೆಗಳನ್ನು ಬೆರಳಲ್ಲಿ ಹಿಂಬಾಲಿಸುತ್ತ, "ನಮ್ಮೂರು ಎಲ್ಲಿದ್ಯೇ?" ಎಂದು ಕೇಳಿದಳು. ಇಷ್ಟು ತಿಂಗಳು ಟೀ ಕೊಟ್ಟು, ಮಂಡಿ ಸವೆಸಿಕೊಂಡು, ತನ್ನ ಮದುವೆಯ ಬಟ್ಟೆಯನ್ನೇ ಹಾಸಲು ಬಿಟ್ಟವಳು ಮೊದಲ ಸಲ ಅದನ್ನು ಓದುತ್ತಿದ್ದಳು. ನಾನು ಟೀ ಕಲೆಯನ್ನು ತೋರಿಸಿದೆ.

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಗೂಡಿನಿಂದ ಇಸ್ತ್ರಿಪೆಟ್ಟಿಗೆ ತೆಗೆದಳು, ತಂದು ಸರೋವರದ ಮೇಲೆ ಊರಿದಳು, ಹಲ್ಲು ಕಚ್ಚಿಕೊಂಡು ಉಜ್ಜಿದಳು. ಏನೂ ಆಗಲಿಲ್ಲ. ಮತ್ತೆ ಉಜ್ಜಿದಳು. ಆಗ ಮೇಜಿನ ಆ ತುದಿಯಲ್ಲಿ, ಎಂದಿನಂತೆ ಊಟಕ್ಕೆ ಹೋಗದೆ ಕೂತಿದ್ದ ಮೌನ ಸಲಹೆಗಾರರು ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಈ ಯೋಜನೆ ಶುರುವಾದಂದಿನಿಂದ ತಮ್ಮ ಮೊಟ್ಟಮೊದಲ ಸಲಹೆಯನ್ನು ದಯಪಾಲಿಸಿದರು. "ಪ್ಲಗ್ ಹಾಕಿಲ್ಲಮ್ಮ," ಎಂದರು. ಎದ್ದು ತಾವೇ ಹಾಕಿದರು ಕೂಡ.

ಆಮೇಲೆ ತಮ್ಮ ಉತ್ಸವ ನಿಜಕ್ಕೂ ಸಂಚಾರ ಹೊರಟಿತು, ಮಾನ್ಯರೇ. ಮೊದಲು ಸರೋವರ ಬತ್ತಿತು, ದೋಣಿಗಳ ಊರು ಹೋಯಿತು, ನದಿ ಹೋಯಿತು, ರೈಲುಹಳಿ, ಅದರ ಮೇಲೆ ಹಾಗೇ ಇರಲಿ ಎಂದು ಬಿಟ್ಟ ಊರು, ಎಲ್ಲವೂ ಒಂದೊಂದಾಗಿ ಬೆಚ್ಚಗಾಗಿ ಮಾಯವಾದವು. ಅಧ್ಯಕ್ಷರು ಹೇಳುತ್ತಿದ್ದ ಕಲೆಯನ್ನು ನಾನು ಅರ್ಥಮಾಡಿಕೊಂಡದ್ದು ಆ ಹೊತ್ತಿನಲ್ಲೇ. ಇಷ್ಟು ಚೆನ್ನಾಗಿರುತ್ತದೆಂದು ಗೊತ್ತಿದ್ದರೆ ಎಂದೋ ಮಾಡುತ್ತಿದ್ದೆವು. ಕೊನೆಯ ರಸ್ತೆ ಅಳಿದ ಮೇಲೆ ಅಕ್ಕ ನೆಟ್ಟಗೆ ನಿಂತು ಸೊಂಟ ನೀವಿಕೊಂಡು, "ಟೇಪು ಕೊಡೇ," ಎಂದಳು. ಊರಿಗೆಲ್ಲ ಅಳತೆ ತೆಗೆದವಳ ಅಳತೆಯನ್ನು ನಾನು ತೆಗೆದೆ. ಅವಳ ಕೈಯ ಕತ್ತರಿ ಎಷ್ಟೋ ತಿಂಗಳ ಮೇಲೆ ನಮ್ಮ ಮೇಜಿನ ಮೇಲೆ ಕರಕರ ಓಡುವ ಸದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಭಾನುವಾರ ತಮ್ಮ ಲಾರಿ ಯಾವ ದಾರಿ ಹಿಡಿಯಬೇಕೆಂಬುದು ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ. ಅದನ್ನು ಹಾಗೇ ಇರಲಿ ಎಂದು ಬಿಡಬೇಕಾಗಿ ಸಂಯೋಜಕಿಯವರಲ್ಲಿ ಪ್ರಾರ್ಥನೆ. ಹೊಸದಾಗಿ ಯೋಜನೆ ಹಾಕುವುದಿದ್ದರೆ ಎದುರು ಸಾಲಿನ ಕ್ಷೌರದಂಗಡಿಯಲ್ಲಿ ಉದ್ದನೆಯ ಕನ್ನಡಿ ಇದೆ, ಅದರ ಮೇಲೆ ಸೋಪಿನ ನೊರೆಯಿಂದ ಬರೆಯಬಹುದು, ಒರೆಸಿದರೆ ಹೋಗುತ್ತದೆ.

ಮೇಜು ಸಿಕ್ಕಿದ ಸಂತೋಷದಲ್ಲಿ ಈ ಕ್ಷಣಕ್ಕೆ ಲೋಕದ ಎಲ್ಲರ, ಹಾಗಾಗಿ ನಿರುಪಾಯವಾಗಿ

ತಮ್ಮ ವಿಶ್ವಾಸಿ,
ವಧುವಿನ ತಂಗಿ

ಬಾಲಂಗೋಚಿ: ತಮ್ಮನ್ನೂ ಮದುವೆಗೆ ಕರೆಯಲೇಬೇಕೆಂದು ಅಕ್ಕ ಹಟ ಹಿಡಿದಿದ್ದಾಳೆ, ದಾಕ್ಷಿಣ್ಯದ ರೋಗ ಇಸ್ತ್ರಿಗೆ ಹೋಗುವಂಥದ್ದಲ್ಲ. ದಯಮಾಡಿ ಬನ್ನಿ, ಮೊಬೈಲುಗಳನ್ನು ಬಾಗಿಲಲ್ಲಿ ಬುಟ್ಟಿಗೆ ಹಾಕಿ. ಮೌನ ಸಲಹೆಗಾರರಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಟ್ಟಿದ್ದೇವೆ. ಟೀ ಕಲೆ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಆ ತುಂಡನ್ನು ಎಸೆಯೋಣವೆಂದು ನಾನು ಹೇಳಿದ್ದಕ್ಕೆ ಅಕ್ಕ ಕೇಳದೆ ಅದನ್ನೇ ಎಡಗಡೆಯ ಜೇಬಿನ ಒಳಮೈಗೆ ಹಾಕಿದ್ದಾಳೆ. ಯಂತ್ರದ ಕೆಳಗೆ ಗುಡಿಸುವಾಗ ನನಗೆ ಸಿಕ್ಕಿ, ಎತ್ತಿಟ್ಟಿದ್ದ ಆ ಗುಂಡಿಯನ್ನು ಜೇಬಿನ ಬಾಯಿಗೆ ಹೊಲಿದಿದ್ದೇನೆ. ಮುಂದೆಂದಾದರೂ ತಮ್ಮ ಉತ್ಸವ ನಮ್ಮ ಊರಿಗೆ ಬರಬೇಕೆಂದು ಮನಸ್ಸು ಮಾಡಿದರೆ ಎಲ್ಲೂ ಹುಡುಕಬೇಡಿ, ಊರು ಅಕ್ಕನ ಜೇಬಿನಲ್ಲಿದೆ. ಕೇಳಿದರೆ ಕೊಟ್ಟುಬಿಡುತ್ತಾಳೆ, ಆದ್ದರಿಂದ ಮೊದಲು ನನ್ನನ್ನು ಕೇಳಬೇಕು.